ಖಾಲಿ ಬೀಚಿನಲ್ಲಿ ಸರ್ಫಿಂಗ್: ನೀರಿಗಿಳಿಯುವ ಮುಂಚೆ ಅರ್ಧ ಗಂಟೆ ನಿಂತು ನೋಡಿ

ಖಾಲಿ ಬೀಚು ಸಿಕ್ಕಿತು ಅಂತ ಖುಷಿಯಿಂದ ಓಡಿ ನೀರಿಗಿಳಿದವರನ್ನು ನಾನು ತುಂಬಾ ಸಲ ನೋಡಿದ್ದೇನೆ. ಗಾಡಿಯಿಂದ ಬೋರ್ಡು ಇಳಿಸುತ್ತಾರೆ. ಎಡಕ್ಕೂ ಬಲಕ್ಕೂ ಅಲೆಗಳು ಧೊಪ್ಪನೆ ಬೀಳುತ್ತಿರುತ್ತವೆ, ನಡುವೆ ಒಂದು ಕಡೆ ಮಾತ್ರ ನೀರು ಸುಮ್ಮನಿರುತ್ತದೆ. ‘ಇಲ್ಲಿ ಆರಾಮ’ ಅಂದುಕೊಂಡು ಅಲ್ಲೇ ಇಳಿಯುತ್ತಾರೆ. ಐದು ನಿಮಿಷ ಕಳೆದು ತಿರುಗಿ ನೋಡಿದರೆ ದಡ ಎಲ್ಲೋ ಇರುತ್ತದೆ.

ಆ ಸುಮ್ಮನಿದ್ದ ನೀರೇ ಸೆಳೆತ. ರಿಪ್ ಕರೆಂಟ್ ಅನ್ನುವುದು ಅದನ್ನೇ. ಜೀವರಕ್ಷಕರಿರುವ ಬೀಚಾದರೆ ಯಾರಾದರೂ ಸೀಟಿ ಊದುತ್ತಾರೆ. ಖಾಲಿ ಬೀಚಿನಲ್ಲಿ ನೋಡುವ ಕೆಲಸವೂ ನಿಮ್ಮದೇ, ಎಚ್ಚರಿಸುವ ಕೆಲಸವೂ ನಿಮ್ಮದೇ. ಅದಕ್ಕೇ ಬೋರ್ಡಿನ ಮೇಲೆ ಎದ್ದು ನಿಲ್ಲುವುದಕ್ಕಿಂತ ಜಾಸ್ತಿ, ದಡದಲ್ಲಿ ನಿಲ್ಲುವುದರ ಬಗ್ಗೆ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಜು ಬಾರದವರು, ಒಮ್ಮೆಯೂ ಕಲಿಸುವವರ ಜೊತೆ ಸರ್ಫ್ ಮಾಡದವರು ಖಾಲಿ ಬೀಚಿಗೆ ಹೋಗಬೇಡಿ. ಕಾಲಿಗೆ ಬೋರ್ಡು ಕಟ್ಟಿದೆ ಅನ್ನುವ ಧೈರ್ಯ ಆ ಹಗ್ಗ ತುಂಡಾಗುವವರೆಗೆ ಮಾತ್ರ.

ಹೆಜ್ಜೆ 1: ಹಿಂದಿನ ರಾತ್ರಿ ಮುನ್ಸೂಚನೆ ಓದಿ

ಎಲ್ಲರೂ ಅಲೆಯ ಎತ್ತರ ಮಾತ್ರ ನೋಡುತ್ತಾರೆ. ಅದರ ಪಕ್ಕದಲ್ಲೇ ಸೆಕೆಂಡಿನಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದಕ್ಕೆ ಪೀರಿಯಡ್ ಅನ್ನುತ್ತಾರೆ. ಒಂದು ಅಲೆ ದಾಟಿದ ಮೇಲೆ ಮುಂದಿನದು ಬರಲು ಹಿಡಿಯುವ ಹೊತ್ತು ಅದು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಇದನ್ನೇ. 5–6 ಸೆಕೆಂಡು ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಅಡ್ಡಾದಿಡ್ಡಿ ಅಲೆ. 14 ಸೆಕೆಂಡು ಅಂದರೆ ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ ಬಂದ ಅಲೆ. ಇವು ಎಷ್ಟು ದೂರ ಬರುತ್ತವೆ ಗೊತ್ತಾ? ವಾಲ್ಟರ್ ಮಂಕ್ ಎಂಬ ಸಮುದ್ರ ವಿಜ್ಞಾನಿ ಮತ್ತು ಅವರ ತಂಡ 1963ರಲ್ಲಿ, ದಕ್ಷಿಣ ಸಾಗರದ ಬಿರುಗಾಳಿಗಳಿಂದ ಹೊರಟ ಅಲೆಗಳನ್ನು ಇಡೀ ಪೆಸಿಫಿಕ್ ದಾಟಿ ಅಲಾಸ್ಕಾದವರೆಗೂ ಅಳೆದು ತೋರಿಸಿದ್ದರು.

ಆಳ ಸಮುದ್ರದಲ್ಲಿ 8 ಸೆಕೆಂಡಿನ ಅಲೆಗಳ ನಡುವೆ ಸುಮಾರು 100 ಮೀಟರ್ ಅಂತರ ಇರುತ್ತದೆ. 14 ಸೆಕೆಂಡಿನವುಗಳ ನಡುವೆ 300 ಮೀಟರ್‌ಗೂ ಜಾಸ್ತಿ. ಹಾಗಾಗಿ ‘1 ಮೀಟರ್’ ಅಂತ ಬರೆದಿದ್ದರೂ ಎರಡೂ ಒಂದೇ ಅಲ್ಲ, ಎರಡನೆಯದರ ಹೊಡೆತವೇ ಬೇರೆ. ಮರಳ ತಳದ ಬೀಚಿಗೆ ಬಂದಾಗ ಈ ಉದ್ದನೆಯ ಅಲೆಗಳು ಬಹಳ ಸಲ ಈ ತುದಿಯಿಂದ ಆ ತುದಿಯವರೆಗೆ ಒಂದೇ ಏಟಿಗೆ ಮಗುಚಿಬೀಳುತ್ತವೆ. ಅದನ್ನು ಕ್ಲೋಸ್‌ಔಟ್ ಅನ್ನುತ್ತಾರೆ, ಅದರಲ್ಲಿ ಸವಾರಿಗೆ ಜಾಗವೇ ಇರುವುದಿಲ್ಲ. ಖಾಲಿ ಬೀಚಿಗೆ ಮೊದಲ ಸಲ ಹೋಗುವವರು 8ರಿಂದ 10 ಸೆಕೆಂಡಿನ, ಸೊಂಟದೆತ್ತರದ ದಿನವನ್ನೇ ಆರಿಸಿಕೊಳ್ಳಿ. ಅದಕ್ಕಿಂತ ದೊಡ್ಡದಿದ್ದರೆ ಜನ ಇರುವ ಬೀಚಿಗೆ ಹೋಗಿ.

ಗಾಳಿ ನೆಲದಿಂದ ಸಮುದ್ರದ ಕಡೆಗೆ ಮೆಲ್ಲಗೆ ಬೀಸುತ್ತಿದ್ದರೆ ಅಲೆಯ ಮುಖ ನುಣ್ಣಗಿರುತ್ತದೆ. ಬೆಳಿಗ್ಗೆ ಬೇಗ ಹೋಗಿ ಅನ್ನುವುದು ಇದಕ್ಕೇ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಸಮುದ್ರದಿಂದ ನೆಲದ ಕಡೆಗೆ ತಿರುಗುತ್ತದೆ, ಎಲ್ಲಾ ಕಲಸಿಹೋಗುತ್ತದೆ. ಆದರೆ ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿ ಜೋರಾಗಿದ್ದರೂ ಕಷ್ಟವೇ. ದೊಡ್ಡ, ಹಗುರ ಬೋರ್ಡನ್ನು ಅದು ಸಮುದ್ರದ ಒಳಕ್ಕೆ ತಳ್ಳುತ್ತಲೇ ಹೋಗುತ್ತದೆ, ವಾಪಸ್ ಬರುವಾಗ ಕೈ ಸೋಲುತ್ತದೆ.

ಹೆಜ್ಜೆ 2: ಸಾಮಾನು

8 ಅಡಿ ಆಸುಪಾಸಿನ ಫೋಮ್ ಬೋರ್ಡು, ಬೋರ್ಡಿನಷ್ಟೇ ಉದ್ದದ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ಕಾಲು ಜಾರದಂತೆ ಬೋರ್ಡಿಗೆ ಉಜ್ಜುವ ಮೇಣ, ಕುಡಿಯುವ ನೀರು, ಸೀಟಿ. ಇಷ್ಟು ಸಾಕು.

ಲೀಶ್ ವಿಷಯದಲ್ಲಿ ಮಾತ್ರ ದಯವಿಟ್ಟು ಜಿಪುಣತನ ಬೇಡ. ತೀರಾ ಅಗ್ಗದ ಲೀಶ್‌ಗಳಲ್ಲಿ ಕಾಲಿಗೆ ಸುತ್ತುವ ವೆಲ್ಕ್ರೋ ನಾಲ್ಕು ಸಲ ಉಪ್ಪುನೀರು ಕುಡಿದರೆ ಹಿಡಿತ ಬಿಡುತ್ತದೆ. ನನ್ನ ಕಾಲಿನಿಂದ ಒಂದು ಹಾಗೇ ಕಳಚಿಹೋಯಿತು, ಬೋರ್ಡು ಅಲೆಯ ಜೊತೆ ದಡ ಸೇರಿತು, ನಾನು ಎದೆಯುದ್ದದ ಅಲೆಗಳ ನಡುವೆ ಈಜಿಕೊಂಡು ಬರಬೇಕಾಯಿತು. ಪ್ರತಿ ಸಲ ಹಗ್ಗವನ್ನು ಬೆರಳಲ್ಲಿ ಸವರಿ ನೋಡಿ. ಒಂದು ಚಿಕ್ಕ ಸೀಳು ಕಂಡರೂ ಎಸೆಯಿರಿ. ಮೇಣದ ಬದಲು ಮೇಣದಬತ್ತಿ ಉಜ್ಜುವ ಅಡ್ಡದಾರಿಯೂ ಬೇಡ, ಅದು ಗಟ್ಟಿ, ಕಾಲು ಜಾರುತ್ತದೆ. ಗಾಳಿ ತುಂಬುವ ಆಟಿಕೆ ಬೋರ್ಡುಗಳನ್ನಂತೂ ಇಂಥ ಬೀಚಿಗೆ ತರಲೇಬೇಡಿ.

ಹೆಜ್ಜೆ 3: ನಿಂತು ನೋಡಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನಾನು ಅರ್ಧ ಗಂಟೆ ಅಂದರೆ ಅರ್ಧ ಗಂಟೆಯೇ. ಯಾಕೆ ಅಂದರೆ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಈ ಗುಂಪಿಗೆ ಸೆಟ್ ಅನ್ನುತ್ತಾರೆ. ಎರಡು ಸೆಟ್‌ಗಳ ನಡುವೆ ಕೆಲವೊಮ್ಮೆ ಹತ್ತು ಹದಿನೈದು ನಿಮಿಷ ಸಮುದ್ರ ಮಲಗಿದಂತೆ ಇರುತ್ತದೆ. ನೀವು ಬಂದದ್ದು ಆ ಹೊತ್ತಿಗೇ ಆದರೆ ‘ಇವತ್ತು ಚಿಕ್ಕ ಅಲೆ’ ಅಂದುಕೊಂಡು ಇಳಿಯುತ್ತೀರಿ. ಅರ್ಧ ದಾರಿಯಲ್ಲಿದ್ದಾಗ ತಲೆ ಮೇಲೆ ನಾಲ್ಕು ಅಲೆ ಸಾಲಾಗಿ ಬೀಳುತ್ತವೆ.

ಎತ್ತರದ ಜಾಗದಿಂದ ನೋಡಿ. ದಡದ ದಿಬ್ಬ, ಬಂಡೆ, ಏನಾದರೂ ಸರಿ. ನೀರಿನ ಅಂಚಿನಲ್ಲಿ ನಿಂತರೆ ಮುಂದಿನ ಒಂದು ಅಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಪೋಲರೈಸ್ಡ್ ಕನ್ನಡಕ ಇದ್ದರೆ ಹಾಕಿಕೊಳ್ಳಿ, ನೀರಿನ ಮೇಲಿನ ಹೊಳಪು ಹೋಗಿ ಬಣ್ಣದ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಈಗ ಬಿಳಿ ನೊರೆ ಎಲ್ಲಿ ಏಳುತ್ತಿದೆ ನೋಡಿ. ತನ್ನ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ ಆಳ ಇರುವಲ್ಲಿಗೆ ಬಂದಾಗ ಅಲೆ ಮುರಿಯುತ್ತದೆ. 1 ಮೀಟರಿನ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಮುರಿಯುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಬಿಳಿ ಇರುವಲ್ಲಿ ಕೆಳಗೆ ಮರಳಿನ ದಿಬ್ಬ ಇದೆ, ಆಳ ಕಡಿಮೆ. ಅಲೆ ಮುರಿಯದೆ, ನೀರು ಕಡುಹಸಿರಾಗಿಯೋ ಕಪ್ಪಾಗಿಯೋ ಕಾಣುವಲ್ಲಿ ಕೆಳಗೆ ಕಾಲುವೆಯಂತೆ ಆಳ ಇದೆ. ಎರಡೂ ಕಡೆಯ ದಿಬ್ಬ ದಾಟಿ ಅಲೆಗಳು ದಡಕ್ಕೆ ಎರಚುತ್ತಿರುವ ನೀರೆಲ್ಲ ಎಲ್ಲಿಂದಲೋ ವಾಪಸ್ ಹೋಗಲೇಬೇಕು, ಅಲ್ವಾ? ಅದು ಹೋಗುವುದು ಆ ಕಾಲುವೆಯಿಂದ. ಸೆಳೆತ ಅಂದರೆ ಇಷ್ಟೇ. ನೋಡಲು ಅದು ಬೀಚಿನ ಅತಿ ಶಾಂತ ಜಾಗವಾಗಿರುತ್ತದೆ, ಜನ ಮೋಸ ಹೋಗುವುದೂ ಅದಕ್ಕೇ.

ಬಣ್ಣ ಒಂದನ್ನೇ ನಂಬಬೇಡಿ, ಮೋಡದ ನೆರಳೂ ಹಾಗೇ ಕಾಣುತ್ತದೆ. ನೊರೆಯ ಚೂರನ್ನೋ ತೇಲುವ ಕಡ್ಡಿಯನ್ನೋ ಹಿಡಿದು ಕಣ್ಣಲ್ಲೇ ಹಿಂಬಾಲಿಸಿ. ಅದು ದಡಕ್ಕೆ ಬರುವ ಬದಲು ಒಳಕ್ಕೆ ಹೋಗುತ್ತಿದ್ದರೆ ಅನುಮಾನವೇ ಬೇಡ. ಆ ಜಾಗದಲ್ಲಿ ಕಲಕಿದ ಮರಳಿನಿಂದ ನೀರು ರಾಡಿಯಾಗಿರುವುದು, ಮೇಲ್ಮೈ ಚಿಕ್ಕದಾಗಿ ಕುದಿಯುವಂತೆ ಇರುವುದು, ದಡದ ಮರಳು ಅಲ್ಲಿ ಒಳಕ್ಕೆ ಕೊರೆದಂತೆ ಇರುವುದು ಕೂಡ ಗುರುತುಗಳೇ. ಎಲ್ಲವೂ ಒಟ್ಟಿಗೆ ಕಾಣುವುದಿಲ್ಲ. ಒಂದೆರಡು ಸಿಕ್ಕರೂ ಸಾಕು.

ಇದರ ವೇಗದ ಅಂದಾಜು ಹೇಳುತ್ತೇನೆ. ಸಾಮಾನ್ಯ ದಿನ ಸೆಕೆಂಡಿಗೆ ಅರ್ಧ ಮೀಟರ್. ಜೋರಾದಾಗ 2 ಮೀಟರ್ ದಾಟುವುದೂ ಉಂಟು. ಈಜುಕೊಳದಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜುವ ವಿಶ್ವ ಚಾಂಪಿಯನ್‌ಗಳ ವೇಗವೂ ಸೆಕೆಂಡಿಗೆ 2 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಉಬ್ಬರ ಇಳಿತವನ್ನೂ ಇಲ್ಲೇ ನಿಂತು ಲೆಕ್ಕ ಹಾಕಿ. ದಿನಕ್ಕೆರಡು ಉಬ್ಬರ ಬರುವ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಒಂದೇ ವೇಗದಲ್ಲಿ ಏರಿಳಿಯುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಅರ್ಧದಷ್ಟು ನಡುವಿನ ಎರಡು ಗಂಟೆಯಲ್ಲೇ ಆಗಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ನೋಡಿದ ಬೀಚು ಎರಡು ಗಂಟೆ ಬಿಟ್ಟು ಬೇರೆಯೇ ಆಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಈ ವ್ಯತ್ಯಾಸ ಇನ್ನೂ ಜಾಸ್ತಿ. ನೀರು ಪೂರ್ತಿ ಇಳಿದಾಗ ದಿಬ್ಬಗಳ ನಡುವಿನ ಸೆಳೆತ ಸಾಮಾನ್ಯವಾಗಿ ಜೋರಾಗುತ್ತದೆ. ಪೂರ್ತಿ ಏರಿದಾಗ ಕಡಿದಾದ ಬೀಚುಗಳಲ್ಲಿ ಅಲೆ ದಡದ ಮೇಲೇ ಬಂದು ಅಪ್ಪಳಿಸುತ್ತದೆ, ಕುತ್ತಿಗೆಗೆ ಪೆಟ್ಟಾಗುವುದು ಅಂಥ ಅಲೆಯಲ್ಲಿ. ನಾನು ಇಳಿಯುವುದು ನೀರು ಅರ್ಧ ಏರಿ ಇನ್ನೂ ಏರುತ್ತಿರುವಾಗ. ಏರುವ ನೀರು ನಿಮ್ಮನ್ನು ದಡದ ಕಡೆಗೇ ತರುತ್ತದೆ ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಸೆಳೆತ ಉಬ್ಬರದಲ್ಲೂ ಇರುತ್ತದೆ.

ಇನ್ನೊಂದು ಪ್ರಶ್ನೆ. ಬೀಚು ಯಾಕೆ ಖಾಲಿ ಇದೆ? ದಾರಿ ಕಷ್ಟ ಇರಬಹುದು, ಅಥವಾ ಅಲ್ಲಿಯವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲದೆ ಇರಬಹುದು. ಹತ್ತಿರ ನದಿ ಸೇರುವ ಜಾಗ ಇದೆಯಾ, ಚರಂಡಿ ಬಂದು ಬೀಳುತ್ತದಾ, ಮೀನಿನ ಬಲೆ ಹಾಕಿದ್ದಾರಾ ಅಂತ ಮೀನು ಹಿಡಿಯುವವರನ್ನು ಕೇಳಿ. ಆ ನೀರನ್ನು ಅವರಷ್ಟು ನೋಡಿದವರು ಬೇರೆ ಯಾರೂ ಇಲ್ಲ. ಅವರು ಬೇಡ ಅಂದರೆ ಇಳಿಯಬೇಡಿ. ಜೋರು ಮಳೆ ಬಂದಿದ್ದರೆ ಮೂರು ದಿನ ಬಿಟ್ಟು ಹೋಗಿ.

ಹೆಜ್ಜೆ 4: ಇಳಿಯುವುದು

ದಡದ ಮೇಲೆ ಎರಡು ಗುರುತು ಹಿಡಿದುಕೊಳ್ಳಿ, ಒಂದು ಮುಂದೆ, ಒಂದು ಅದರ ಹಿಂದೆ. ಮುಂದಿನ ಮರ, ಹಿಂದಿನ ಗೋಪುರ, ಹೀಗೆ. ನೀರಿನಲ್ಲಿ ಕೂತಾಗ ಎರಡೂ ಒಂದೇ ಗೆರೆಯಲ್ಲಿ ಕಂಡರೆ ನೀವು ಇದ್ದಲ್ಲೇ ಇದ್ದೀರಿ. ಬೇರೆಯಾದರೆ ನೀರು ನಿಮ್ಮನ್ನು ಪಕ್ಕಕ್ಕೆ ಒಯ್ಯುತ್ತಿದೆ. ಹತ್ತು ನಿಮಿಷಕ್ಕೊಮ್ಮೆ ತಿರುಗಿ ನೋಡಿ.

ನುರಿತವರು ಸೆಳೆತದ ಜಾಗದಿಂದಲೇ ಸಮುದ್ರದೊಳಕ್ಕೆ ಹೋಗುತ್ತಾರೆ, ಶ್ರಮ ಕಡಿಮೆ. ನೀವು ಹೊಸಬರಾದರೆ ಅವರನ್ನು ನೋಡಿ ಹಾಗೆ ಮಾಡಬೇಡಿ. ಸೊಂಟದಾಳದಲ್ಲೇ ಇದ್ದು ಬಿಳಿ ನೊರೆಯ ಅಲೆ ಹಿಡಿಯಿರಿ. ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆಯಿರಿ, ತಳದಲ್ಲಿ ಮಲಗಿದ, ಮುಳ್ಳು ಚುಚ್ಚುವ ತೊರಕೆ ಮೀನು (ಸ್ಟಿಂಗ್‌ರೇ) ಅಲುಗಾಟ ತಿಳಿದು ಸರಿದುಕೊಳ್ಳುತ್ತದೆ. ಬೋರ್ಡನ್ನು ನಿಮ್ಮ ಮತ್ತು ಅಲೆಯ ನಡುವೆ ಅಡ್ಡಲಾಗಿ ಮಾತ್ರ ಹಿಡಿಯಬೇಡಿ, ಅದು ಎದೆಗೆ ಬಂದು ಬಡಿಯುತ್ತದೆ. ಬೋರ್ಡಿನ ಮೂತಿ ಸಮುದ್ರದ ಕಡೆಗೆ, ನೀವು ಅದರ ಪಕ್ಕಕ್ಕೆ.

ಹೆಜ್ಜೆ 5: ಬೀಳುವುದು

ಮರಳು ತಾನೇ, ಮೆತ್ತಗಿರುತ್ತದೆ ಅನ್ನುತ್ತಾರೆ. ಒದ್ದೆ ಮರಳು ಮೆತ್ತಗಿರುವುದಿಲ್ಲ. ಸರ್ಫಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ, 2021ರ ಜುಲೈನಲ್ಲಿ, ಪಂದ್ಯ ನಡೆದದ್ದು ಜಪಾನಿನ ತ್ಸುರಿಗಸಾಕಿಯ ಇಂಥದ್ದೇ ಮರಳ ತಳದ ಬೀಚಿನಲ್ಲಿ. ಫೈನಲ್‌ನಲ್ಲಿ ಬ್ರೆಜಿಲಿನ ಇಟಾಲೊ ಫೆರೇರಾ ಅವರ ಬೋರ್ಡು ಮೊದಲ ಅಲೆಯಲ್ಲೇ ಮುರಿಯಿತು. ಅವರು ಬೇರೆ ಬೋರ್ಡು ತೆಗೆದುಕೊಂಡು ಚಿನ್ನ ಗೆದ್ದರು. ಅಂಥವರ ಬೋರ್ಡನ್ನೇ ಮುರಿಯುವ ಅಲೆಯಲ್ಲಿ ತಲೆ ಕೆಳಗಾಗಿ ಹಾರಬೇಡಿ. ಚಪ್ಪಟೆಯಾಗಿ, ಬೆನ್ನಿನ ಮೇಲೋ ಪಕ್ಕಕ್ಕೋ ಬೀಳಿ. ಮೇಲೆ ಬರುವಾಗ ಎರಡೂ ಕೈಯಿಂದ ಮುಖ, ತಲೆ ಮುಚ್ಚಿಕೊಂಡೇ ಬನ್ನಿ. ಎಳೆದ ಲೀಶ್ ರಬ್ಬರಿನಂತೆ ಬೋರ್ಡನ್ನು ವಾಪಸ್ ತರುತ್ತದೆ. ವೆಟ್‌ಸೂಟ್‌ಗಳಿಗೆ, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಉಡುಪುಗಳಿಗೆ, ಹೆಸರಾದ ಜಾಕ್ ಓನೀಲ್ 1971ರಲ್ಲಿ ಎಡಗಣ್ಣು ಕಳೆದುಕೊಂಡದ್ದು ಹೀಗೇ.

ಹೆಜ್ಜೆ 6: ಸೆಳೆತಕ್ಕೆ ಸಿಕ್ಕರೆ

ಬೋರ್ಡು ಬಿಡಬೇಡಿ. ಅದರ ಮೇಲೆ ಮಲಗಿ, ಉಸಿರು ಹತೋಟಿಗೆ ತಂದುಕೊಳ್ಳಿ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಜಿಪಿಎಸ್ ಕಟ್ಟಿದ ತೇಲುವ ಸಾಧನಗಳನ್ನು ಬಿಟ್ಟು ನೋಡಿದ ಸಂಶೋಧಕರಿಗೆ, ಅವುಗಳಲ್ಲಿ ಬಹಳಷ್ಟು ಸುತ್ತು ಹೊಡೆದು ತಾವಾಗಿಯೇ ದಿಬ್ಬದ ಕಡೆಗೆ ಮರಳಿದ್ದು ಕಂಡಿತು. ಎಲ್ಲಾ ದಿನ ಹಾಗಾಗುವುದಿಲ್ಲ, ಆದರೂ ಗಾಬರಿಯಾಗದೆ ಇರಲು ಇದು ಗೊತ್ತಿರಬೇಕು. ನೇರ ದಡಕ್ಕೆ ಕೈ ಬೀಸಬೇಡಿ. ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಕಾಣುವ ಕಡೆಗೆ ಹೋಗಿ. ಒಂದು ಪಕ್ಕಕ್ಕೆ ಹೋಗಲು ನೀರು ಬಿಡದಿದ್ದರೆ ಇನ್ನೊಂದು ಪಕ್ಕಕ್ಕೆ ತಿರುಗಿ. ನೊರೆ ಸಿಕ್ಕಿದ ಮೇಲೆ ಅಲೆಯೇ ನಿಮ್ಮನ್ನು ತಳ್ಳುತ್ತದೆ. ದಡದಲ್ಲಿ ಯಾರಾದರೂ ಕಂಡರೆ ಕೈಯೆತ್ತಿ ಬೀಸಿ, ಸೀಟಿ ಊದಿ, ನಾಚಿಕೆ ಬೇಡ.

ದಡದಲ್ಲಿ ಯಾರೂ ಇಲ್ಲದಿದ್ದರೆ? ಅದಕ್ಕೇ ಒಬ್ಬರೇ ಹೋಗಬೇಡಿ ಅನ್ನುವುದು. ಇಬ್ಬರು, ಎರಡು ಬೋರ್ಡು. ಮನೆಯಲ್ಲಿ ಯಾರಿಗಾದರೂ ಬೀಚಿನ ಹೆಸರು, ವಾಪಸ್ ಬರುವ ಹೊತ್ತು ಹೇಳಿರಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಬರುವ ದಾರಿಯಲ್ಲೇ ನೋಡಿಕೊಳ್ಳಿ.

ಹೆಜ್ಜೆ 7: ಅಲ್ಲಿ ಆಗಲೇ ಬೇರೊಬ್ಬರು ಸರ್ಫ್ ಮಾಡುತ್ತಿದ್ದರೆ

ಇಡೀ ಬೀಚು ಖಾಲಿ ಇರುವಾಗ ಅವರ ಪಕ್ಕದಲ್ಲೇ ಹೋಗಿ ಕೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮರಳ ತಳದ ಬೀಚಿನಲ್ಲಿ ಅಲೆ ಮುರಿಯುವ ಜಾಗ ಒಂದೇ ಇರುವುದಿಲ್ಲ. ಮಾತಾಡಿಸಿ, ನೀರು ಹೇಗಿದೆ ಕೇಳಿ, ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲಿ ಬೇರೆ ದಿಬ್ಬ ಹುಡುಕಿಕೊಳ್ಳಿ. ಒಂದೇ ಅಲೆಗೆ ಇಬ್ಬರೂ ಹೊರಟರೆ, ಅದು ಮುರಿಯಲು ಶುರುವಾಗುವ ಜಾಗಕ್ಕೆ ಹತ್ತಿರ ಇರುವವರದ್ದು ಆ ಅಲೆ. ಇನ್ನೊಬ್ಬರು ಬಿಡಬೇಕು.

ಕೈ ಸೋಲುವ ಮುಂಚೆ ಹೊರಗೆ ಬನ್ನಿ. ‘ಕೊನೆಯದೊಂದು ಅಲೆ’ ಅಂದ ಮೇಲೆ ನಿಜವಾಗಿಯೂ ಅದನ್ನೇ ಕೊನೆ ಮಾಡಿ. ಗುಡುಗು ಕೇಳಿದರೆ ತಕ್ಷಣ ಹೊರಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಇಳಿಯಬೇಡಿ. ತೊರಕೆ ಮುಳ್ಳು ಚುಚ್ಚಿದ್ದರೆ ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್, ಕಾಲು ಇಟ್ಟುಕೊಂಡು ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿ. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಿಸಿ ನೀರಿಗಾಗಿ ಕಾಯದೆ ನೇರ ಹೊರಡಿ, ಮುಳ್ಳು ಒಳಗೇ ಉಳಿದಿದ್ದರೆ ಕೀಳಬೇಡಿ.

ಹೊರಡುವಾಗ ದಡದ ದಿಬ್ಬದ ಗಿಡಬಳ್ಳಿ ತುಳಿಯದೆ ಬಂದ ದಾರಿಯಲ್ಲೇ ಹೋಗಿ, ಮರಳು ನಿಂತಿರುವುದೇ ಅವುಗಳ ಬೇರಿನಿಂದ. ಫೋಮ್ ಬೋರ್ಡನ್ನು ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗೆ ಬಿಡಬೇಡಿ, ಪದರ ಬಿಟ್ಟು ಗುಳ್ಳೆ ಏಳುತ್ತದೆ. ಲೀಶನ್ನು ಸಿಹಿನೀರಿನಲ್ಲಿ ತೊಳೆದು, ಬೋರ್ಡಿಗೆ ಬಿಗಿಯಾಗಿ ಸುತ್ತದೆ, ಉದ್ದಕ್ಕೆ ನೇತುಹಾಕಿ ಒಣಗಿಸಿ.