ನ್ಯೂಕ್ಲಿಯಸ್ಸಲ್ಲಿ ಪ್ಯಾರಿಟಿ ಮುರಿಯೋದನ್ನ ನ್ಯೂಟ್ರಾನ್ ಹಾಯಿಸಿ ಅಳೆಯೋದು ಹೇಗೆ

ಪ್ಯಾರಿಟಿ ಮುರಿಯೋದು ಅಂದ್ರೆ ಒಂದು ಕ್ರಿಯೆನೂ ಅದರ ಕನ್ನಡಿ ಬಿಂಬನೂ ಒಂದೇ ತರ ನಡೀದೇ ಇರೋದು; ಇಲ್ಲಿ ಅದು, ನ್ಯೂಟ್ರಾನಿನ ಸ್ಪಿನ್ (ಅದರ ಒಳಗಿನ ತಿರುಗು) ಬೀಮ್ ದಿಕ್ಕಿಗಿದ್ದಾಗ್ಲೂ ಎದುರಿಗಿದ್ದಾಗ್ಲೂ ನ್ಯೂಕ್ಲಿಯಸ್ಸು ಅದನ್ನ ಹಿಡಿಯೋದ್ರಲ್ಲಿರೋ ವ್ಯತ್ಯಾಸವಾಗಿ ಕಾಣತ್ತೆ. ಮೊದಲನೇ ಸಲ ಮಾಡೋರು ಲ್ಯಾಂಥನಮ್-139 ಇಂದಾನೇ ಶುರು ಮಾಡಿ. ಪ್ರೋಟಾನ್ ಪ್ರೋಟಾನ್ ಡಿಕ್ಕಿಲಿ ಪ್ಯಾರಿಟಿ ಮುರಿಯೋದು ಕೋಟಿಗೆ ಒಂದೆರಡು ಭಾಗದಷ್ಟೇ ಕಾಣತ್ತೆ, ಆದ್ರೆ ಲ್ಯಾಂಥನಮ್‌ನ 0.734 ಎಲೆಕ್ಟ್ರಾನ್ ವೋಲ್ಟಿನ ಪಿ-ವೇವ್ ರೆಸೊನೆನ್ಸಲ್ಲಿ (ರೆಸೊನೆನ್ಸ್ ಅಂದ್ರೆ ನ್ಯೂಕ್ಲಿಯಸ್ಸು ನ್ಯೂಟ್ರಾನನ್ನ ಜಾಸ್ತಿ ಹಿಡಿಯೋ ಎನರ್ಜಿ; ನ್ಯೂಟ್ರಾನು ಒಂದು ಯೂನಿಟ್ ಕೋನೀಯ ಸಂವೇಗದ ಜೊತೆ ಬಂದ್ರೆ ಪಿ-ವೇವ್, ಅದಿಲ್ಲದೇ ಬಂದ್ರೆ ಎಸ್-ವೇವ್) ಅದು ಹೆಚ್ಚುಕಮ್ಮಿ 10% ಆಗಿಬಿಡತ್ತೆ, ಯಾಕಂದ್ರೆ ವೀಕ್ ಫೋರ್ಸು (ಪ್ಯಾರಿಟಿ ಮುರಿಯೋ ಮೂಲ ಬಲ) ಈ ಸಣ್ಣ ಪಿ-ವೇವ್ ಲೆವೆಲ್ಲಿಗೆ ತುಂಬಾ ಬಲವಾದ ಎಸ್-ವೇವ್ ಲೆವೆಲ್ಲನ್ನ ಸ್ವಲ್ಪ ಬೆರೆಸತ್ತೆ. 1980ರ ದಶಕದ ಶುರುವಲ್ಲಿ ರಷ್ಯಾದ ಡುಬ್ನಾ ಸಂಶೋಧನಾ ಕೇಂದ್ರದವರು ಇದನ್ನ ನೋಡಿದ್ದು, ಈಗ್ಲೂ ನನಗೆ ರೋಮಾಂಚನ ಆಗೋ ವಿಷಯ.

ಬೇಕಿರೋದು ಪಲ್ಸ್ಡ್ ನ್ಯೂಟ್ರಾನ್ ಸೋರ್ಸ್, ಅಂದ್ರೆ ನ್ಯೂಟ್ರಾನನ್ನ ಕಂತು ಕಂತಾಗಿ ಬಿಡೋದು. ಎನರ್ಜಿನ ಟೈಮ್ ಆಫ್ ಫ್ಲೈಟಿಂದ (ಸೋರ್ಸಿಂದ ಡಿಟೆಕ್ಟರಿಗೆ ಬರಕ್ಕೆ ಹಿಡಿಯೋ ಹೊತ್ತಿಂದ) ತಿಳ್ಕೋಬೇಕು: ಈ ರೆಸೊನೆನ್ಸಿನ ನ್ಯೂಟ್ರಾನು ಸೆಕೆಂಡಿಗೆ ಸುಮಾರು 11.8 ಕಿಲೋಮೀಟರ್ ಓಡತ್ತೆ, ಅಂದ್ರೆ 15 ಮೀಟರ್ ದಾಟಕ್ಕೆ 1.27 ಮಿಲಿಸೆಕೆಂಡ್.

ಸ್ಪಿನ್ ಒಂದೇ ಕಡೆ ಇರೋ ನ್ಯೂಟ್ರಾನನ್ನ ಆರಿಸಕ್ಕೆ ಪೋಲರೈಸ್ಡ್ (ಸ್ಪಿನ್ನೆಲ್ಲ ಒಂದೇ ಕಡೆ ಇರೋ) ಹೀಲಿಯಂ-3 ಸೆಲ್ ಇಡಿ, ಅದು ಎದುರು ಸ್ಪಿನ್ನಿನ ನ್ಯೂಟ್ರಾನನ್ನ ನುಂಗಿ ಮಿಕ್ಕಿದ್ದನ್ನ ಬಿಡತ್ತೆ. ಬೀಮ್ ಎಷ್ಟು ಪೋಲರೈಸ್ ಆಗಿದೆ ಅಂತ ನೋಡಕ್ಕೆ ಬೇರೆ ಸಾಮಾನೇನೂ ಬೇಡ, ಹೀಲಿಯಂ ಪೋಲರೈಸ್ ಆಗಿಲ್ದಾಗಿನ ಕೌಂಟನ್ನ ಆಗಿದ್ದಾಗಿನ ಕೌಂಟಿಂದ ಭಾಗಿಸಿ, ವರ್ಗ ಮಾಡಿ, 1ರಿಂದ ಕಳೆದು ವರ್ಗಮೂಲ ತಗೊಳ್ಳಿ, ಅಷ್ಟೇ. ಸೆಲ್ಲಿಂದ ಟಾರ್ಗೆಟ್‌ವರೆಗೂ ಸಣ್ಣ ಮ್ಯಾಗ್ನೆಟಿಕ್ ಫೀಲ್ಡ್ ಎಲ್ಲೂ ಕಡಿಯದ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಸ್ಪಿನ್ನಿನ ದಿಕ್ಕು ಕೆಡತ್ತೆ.

ಟಾರ್ಗೆಟ್ ದಪ್ಪ ಸುಮಾರು ಎರಡು ಮೀನ್ ಫ್ರೀ ಪಾತ್ (ನ್ಯೂಟ್ರಾನು ಡಿಕ್ಕಿ ಹೊಡಿಯೋ ಮುಂಚೆ ಸರಾಸರಿ ಹೋಗೋ ದೂರ) ಇದ್ರೆ ಒಳ್ಳೇದು, ತೆಳು ಆದ್ರೆ ಎಫೆಕ್ಟ್ ಕಾಣಲ್ಲ, ದಪ್ಪ ಆದ್ರೆ ಕೌಂಟೇ ಬರಲ್ಲ. ಲ್ಯಾಂಥನಮ್ ಗಾಳಿಲಿ ಬೇಗ ಆಕ್ಸಿಡೈಸ್ ಆಗತ್ತೆ, ಮುಚ್ಚಿಡಿ.

ಈಗ ಮುಖ್ಯವಾದ ಕೆಲಸ. ಸ್ಪಿನ್ ಫ್ಲಿಪ್ಪರಿಂದ ಸ್ಪಿನ್ನನ್ನ ಬೀಮ್ ದಿಕ್ಕಿಗೆ ಒಮ್ಮೆ, ಎದುರಿಗೆ ಒಮ್ಮೆ ತಿರುಗಿಸ್ತಾ ಕೌಂಟ್ ಮಾಡ್ಬೇಕು, ಆದ್ರೆ ಸುಮ್ನೆ ಪ್ಲಸ್ ಮೈನಸ್ ಪ್ಲಸ್ ಮೈನಸ್ ಅಂತ ಬೇಡ, + − − + − + + − ಈ ಎಂಟರ ಸರಣಿ ಹಾಕಿ, ಡಿಟೆಕ್ಟರ್ ನಿಧಾನಕ್ಕೆ ಡ್ರಿಫ್ಟ್ ಆಗ್ತಿದ್ರೂ ಅದು ಒಂದಕ್ಕೊಂದು ಹೊಡ್ಕೊಂಡು ಹೋಗತ್ತೆ. ಎರಡು ಕೌಂಟಿನ ವ್ಯತ್ಯಾಸನ ಮೊತ್ತದಿಂದ ಭಾಗಿಸಿದ್ರೆ ಬರೋದು 10% ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ, ಹೆದರ್ಬೇಡಿ. ಅದನ್ನ ಬೀಮ್ ಪೋಲರೈಸೇಷನ್ನಿಂದಲೂ ಟಾರ್ಗೆಟ್ಟಿನ ಪಿ-ವೇವ್ ದಪ್ಪದಿಂದಲೂ (ಪಿ-ವೇವ್ ರೆಸೊನೆನ್ಸು ಮಾತ್ರ ಲೆಕ್ಕಕ್ಕೆ ತಗೊಂಡ್ರೆ ಟಾರ್ಗೆಟ್ ಎಷ್ಟು ಮೀನ್ ಫ್ರೀ ಪಾತ್ ದಪ್ಪ ಅನ್ನೋದ್ರಿಂದ್ಲೂ) ಭಾಗಿಸಿ, ಆಗ 10%ರ ಹತ್ರ ಬರತ್ತೆ.

ಬಂದ ನಂಬರನ್ನ ತಕ್ಷಣ ನಂಬ್ಬೇಡಿ. ರೆಸೊನೆನ್ಸಿನ ಅಕ್ಕಪಕ್ಕದ ಎನರ್ಜಿಲಿ, 72 ಎಲೆಕ್ಟ್ರಾನ್ ವೋಲ್ಟಿನ ಎಸ್-ವೇವ್ ರೆಸೊನೆನ್ಸಲ್ಲೂ ಸೊನ್ನೆ ಬರ್ಬೇಕು. ಆಮೇಲೆ ಫ್ಲಿಪ್ಪರ್ ಮುಟ್ಟದೇ ಹೀಲಿಯಂ ಸ್ಪಿನ್ನನ್ನೇ ತಿರುಗಿಸಿ ಇನ್ನೊಂದ್ಸಲ ಅಳೀರಿ, ಎಫೆಕ್ಟಿನ ಚಿಹ್ನೆ ಬದಲಾಗ್ಬೇಕು. ಬದಲಾಗ್ಲಿಲ್ಲ ಅಂದ್ರೆ ನೀವು ಅಳೆದಿದ್ದು ಫ್ಲಿಪ್ಪರ್ ಕರೆಂಟು ಡಿಟೆಕ್ಟರಿಗೆ ತಟ್ಟಿದ್ದನ್ನ.