ವಿಯೆಟ್ನಾಂಗೆ ಹೋಗಿ ಬಂದವರ ಮಂಗಳವಾರದ ಕೂಟ

ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಓದಿದವಳು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ, ಒಹಾಯೋ ರಾಜ್ಯದ ಸಣ್ಣ ಊರೊಂದರಲ್ಲಿ ಸೋಷಿಯಲ್ ವರ್ಕರ್ ಆಗಿದ್ದೇನೆ. ಪ್ರತಿ ಮಂಗಳವಾರ ಬೆಳಗ್ಗೆ ಇಲ್ಲಿನ ಲೈಬ್ರರಿಯ ಒಂದು ಕೋಣೆಯಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರು ಸೇರುತ್ತಾರೆ. ಹೆಂಡತಿಯರು, ಮಕ್ಕಳೂ ಬರುತ್ತಾರೆ. ಈ ಕೂಟ ಕಟ್ಟಿದ್ದು ಹೇಗೆ ಅಂತ ಊರಿನ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಇವರಲ್ಲಿ ಹೆಚ್ಚಿನವರು ಯುದ್ಧಕ್ಕೆ ಹೋಗಿದ್ದೂ ಒಬ್ಬೊಬ್ಬರಾಗಿ, ವಾಪಸ್ ಬಂದಿದ್ದೂ ಒಬ್ಬೊಬ್ಬರಾಗಿ. ಭೂಸೇನೆಯವರಿಗೆ 12 ತಿಂಗಳು, ಮರೀನ್ ಪಡೆಯವರಿಗೆ 13 ತಿಂಗಳು ಅಂತ ಲೆಕ್ಕ. ಅವಧಿ ಮುಗಿಯಿತು ಅಂದರೆ ವಿಮಾನ ಹತ್ತಬೇಕು. ಜೊತೆಗಾರರು ಅಲ್ಲೇ ಇರುತ್ತಿದ್ದರು. ಮೊನ್ನೆ ತನಕ ಗುಂಡಿನ ಸದ್ದಿನ ನಡುವೆ ಇದ್ದ ಹುಡುಗ ಇವತ್ತು ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದಾನೆ. ಅಲ್ಲಿ ಏನಾಯಿತು ಅಂತ ಗೊತ್ತಿರುವವರು ಸುತ್ತ ಒಬ್ಬರೂ ಇಲ್ಲ. ಹೊರಗೆ ನೋಡಿದರೆ ಆ ಯುದ್ಧದ ಬಗ್ಗೆ ದೇಶವೇ ಎರಡು ಪಾಲಾಗಿ ಜಗಳ ಆಡುತ್ತಿತ್ತು. ಅಲ್ಲಿಗೆ ಹೋಗಿ ಬಂದವರು ಸುಮಾರು 27 ಲಕ್ಷ ಜನ. ಎಷ್ಟೋ ಜನ ತಾವಾಗಿ ಹೋದವರೂ ಅಲ್ಲ. 1969ರ ಡಿಸೆಂಬರ್ 1ರಂದು ಹುಟ್ಟಿದ ತಾರೀಖುಗಳನ್ನು ಚೀಟಿ ಎತ್ತಿ, ಯಾರನ್ನು ಮೊದಲು ಕಡ್ಡಾಯವಾಗಿ ಸೇನೆಗೆ ಕರೆಯಬೇಕು ಅಂತ ತೀರ್ಮಾನ ಮಾಡಿದ್ದರು.

ನಮ್ಮ ಹಾಸನ, ಕೊಡಗು, ಬೆಳಗಾವಿ ಕಡೆ ಮಿಲಿಟರಿಯಿಂದ ನಿವೃತ್ತರಾಗಿ ಬಂದವರನ್ನು ತೆರೆದ ಜೀಪಿನಲ್ಲಿ ಕೂರಿಸಿ ಮೆರವಣಿಗೆ ಮಾಡುವುದನ್ನು ನೋಡಿದ್ದೇವೆ ಅಲ್ವಾ? ಇವರಲ್ಲಿ ಅನೇಕರು ವಿಮಾನ ನಿಲ್ದಾಣದ ಶೌಚಾಲಯದಲ್ಲೇ ಯೂನಿಫಾರ್ಮ್ ಬಿಚ್ಚಿ, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಹೋದವರು. ಆಮೇಲೆ ಹೆಂಡತಿಗೂ ಬಾಯಿ ಬಿಡಲಿಲ್ಲ. ಅವರ ಮನಸ್ಸಿನ ಗಾಯಕ್ಕೆ ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪುಸ್ತಕಕ್ಕೆ ಸೇರಿದ್ದೇ 1980ರಲ್ಲಿ.

ಹೀಗಾಗಿ ನಾನು ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಇವರಿಗೆ ಮೊದಲು ಬೇಕಾದದ್ದು ಜೊತೆ. ಮಾತು ಆಮೇಲೆ ತಾನಾಗಿ ಬಂದರೆ ಬರಲಿ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ಸೈನಿಕರೇ ತಮ್ಮತಮ್ಮಲ್ಲಿ ಕೂತು ಮಾತಾಡಲು ಶುರು ಮಾಡಿದರು. ರಾಬರ್ಟ್ ಲಿಫ್ಟನ್, ಹೈಮ್ ಶಟಾನ್ ಅನ್ನುವ ಮನೋವೈದ್ಯರು ಅವರ ಜೊತೆ ಸೇರಿಕೊಂಡರು. 1979ರಲ್ಲಿ ಸರಕಾರ ವೆಟ್ ಸೆಂಟರ್‌ಗಳನ್ನು, ಅಂದರೆ ಮಾಜಿ ಸೈನಿಕರ ಆಪ್ತ ಸಲಹಾ ಕೇಂದ್ರಗಳನ್ನು ತೆರೆದಾಗ ಆಸ್ಪತ್ರೆಯಿಂದ ದೂರ, ಅಂಗಡಿ ಸಾಲಿನಲ್ಲಿ ಜಾಗ ಹಿಡಿಯಿತು. ಸರಕಾರಿ ಕಟ್ಟಡ ಅಂದರೆ ಹಿಂದೆ ಸರಿಯುವವರೂ ಒಳಗೆ ಬರಲಿ ಅನ್ನುವ ಉದ್ದೇಶ. ನಮ್ಮ ಊರಿಗೆ ಅಂಥ ಸೆಂಟರ್ ದೂರ. ಲೈಬ್ರರಿಯವರು ಬಾಡಿಗೆ ಇಲ್ಲದೆ ಕೋಣೆ ಕೊಟ್ಟರು.

ಕೋಣೆ ಜೋಡಿಸುವುದೇ ಒಂದು ಕೆಲಸ. ಕುರ್ಚಿಗಳನ್ನು ಗೋಡೆಗೆ ತಾಗಿಸಿ ಹಾಕುತ್ತೇವೆ, ಯಾರ ಬೆನ್ನೂ ಬಾಗಿಲ ಕಡೆ ಇರಬಾರದು. ಬಾಗಿಲು ಧಡ್ ಅಂತ ಬಡಿಯದಂತೆ ಅಡ್ಡ ಇಡುತ್ತೇವೆ. ಯಾರದೇ ಹುಟ್ಟುಹಬ್ಬ ಇದ್ದರೂ ಬಲೂನು ಕಟ್ಟುವುದಿಲ್ಲ. ಹಿಂದಿನಿಂದ ಬಂದು ಭುಜ ಮುಟ್ಟಬಾರದು ಅಂತ ಹೊಸ ಸ್ವಯಂಸೇವಕರಿಗೆ ಮೊದಲೇ ಹೇಳಿರುತ್ತೇನೆ. ಬಾಗಿಲ ಹತ್ತಿರ ನಿಲ್ಲುವುದು ನಾನಲ್ಲ. ವಿಯೆಟ್ನಾಂನ ಪ್ಲೇಕು ಅನ್ನುವ ಊರಿನಲ್ಲಿ ಇದ್ದು ಬಂದು, ಆಮೇಲೆ ಲಾರಿ ಓಡಿಸಿ ನಿವೃತ್ತರಾದ ಒಬ್ಬರು ನಿಲ್ಲುತ್ತಾರೆ. ಬಂದವರ ಕೈ ಹಿಡಿದು "ವೆಲ್‌ಕಮ್ ಹೋಮ್, ಬ್ರದರ್" ಅನ್ನುತ್ತಾರೆ. ಈ ಸೈನಿಕರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಹಾಗೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಯಾವ ವರ್ಷ, ಯಾವ ಕಡೆ?" "68, ದಾ ನಾಂಗ್" ಅಂತ ಉತ್ತರ ಬಂದರೆ ಆ ಮೂಲೆಯಿಂದ ಇನ್ನೊಬ್ಬರು ತಲೆ ಎತ್ತುತ್ತಾರೆ. ನಾನು ಕಾಫಿ ಬಗ್ಗಿಸಿ ಕೊಟ್ಟು ಸುಮ್ನೆ ಪಕ್ಕಕ್ಕೆ ಹೋಗುತ್ತೇನೆ. ಎಷ್ಟು ಜನರನ್ನು ಕೊಂದಿರಿ ಅಂತ ಕೇಳುವವರು ಈಗಲೂ ಇದ್ದಾರೆ, ನಂಬುತ್ತೀರಾ? ಅಂಥವರನ್ನು ನಾನು ಮತ್ತೆ ಕರೆಯುವುದಿಲ್ಲ.

ಮಾತಿಗೆ ಬರದವರೂ ಕಾಗದಪತ್ರಕ್ಕೆ ಬರುತ್ತಾರೆ. ಇದು ನಾನು ಗಟ್ಟಿಯಾಗಿ ಹೇಳುವ ಮಾತು. 1962ರಿಂದ 1971ರ ತನಕ ಅಮೆರಿಕದ ಸೇನೆ ಅಲ್ಲಿನ ಕಾಡಿನ ಮೇಲೆ 7 ಕೋಟಿ ಲೀಟರ್‌ಗೂ ಜಾಸ್ತಿ ಎಲೆ ಉದುರಿಸುವ ವಿಷ ಸುರಿಯಿತು. ಅದರಲ್ಲಿ ದೊಡ್ಡ ಪಾಲು ಏಜೆಂಟ್ ಆರೆಂಜ್. ವಿಯೆಟ್ನಾಂನ ಹಳ್ಳಿಗಳು ಇವತ್ತಿಗೂ ಅದರ ಫಲ ಉಣ್ಣುತ್ತಿವೆ. ಇಲ್ಲಿನ ಕಾನೂನು ಪ್ರಕಾರ ಆ ನೆಲದಲ್ಲಿ ಕಾಲಿಟ್ಟಿದ್ದ ಸೈನಿಕನಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಕ್ಯಾನ್ಸರ್, ಪಾರ್ಕಿನ್ಸನ್ ಬಂದರೆ ಕಾರಣ ಸಾಬೀತು ಮಾಡುವ ಹೊರೆ ಅವನ ಮೇಲೆ ಇಲ್ಲ. 2022ರ ಪ್ಯಾಕ್ಟ್ ಕಾಯ್ದೆ ಬಂದ ಮೇಲೆ ಬಿಪಿಯೂ ಆ ಪಟ್ಟಿಗೆ ಸೇರಿತು. ಆದರೆ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ! ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡವರು, ಸರಕಾರದ ಪರಿಹಾರಕ್ಕೆ ಒಂದು ಅರ್ಜಿಯನ್ನೂ ಹಾಕಿಲ್ಲ.

ಅರ್ಜಿ ತುಂಬಿಸುವವರಿಗೆ ಮಾನ್ಯತೆ ಇರಬೇಕು, ನನಗೆ ಅದಿಲ್ಲ. ಒಹಾಯೋದ 88 ಕೌಂಟಿಗಳಲ್ಲೂ (ನಮ್ಮ ಜಿಲ್ಲೆ ಇದ್ದ ಹಾಗೆ) ಮಾಜಿ ಸೈನಿಕರಿಗಾಗಿಯೇ ಒಂದೊಂದು ಕಚೇರಿ ಇದೆ. ಅಲ್ಲಿಂದ ಒಬ್ಬ ಅಧಿಕಾರಿ ಬಂದು ನಮ್ಮ ಮೇಜಿನ ಹತ್ತಿರ ಕೂರುತ್ತಾರೆ. ದುಡ್ಡು ಕೇಳುವುದಿಲ್ಲ. ತರಬೇಕಾದ ಮುಖ್ಯ ಕಾಗದ ಡಿಡಿ-214, ಅಂದರೆ ಸೇನೆಯಿಂದ ಬಿಡುಗಡೆಯಾದ ದಾಖಲೆ. ಒಬ್ಬರು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ, ಮದುವೆ ಫೋಟೋದ ಕೆಳಗೆ ಇಟ್ಟಿದ್ದರು. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುವ ಹಾಗಿತ್ತು. ಅಧಿಕಾರಿ ಅದನ್ನು ಬಿಡಿಸಿ ಓದುತ್ತಾ, ಇವರಿಗೆ ಬಂದಿದ್ದ ಪದಕದ ಹೆಸರು ಹೇಳಿದರು. ಪಕ್ಕದಲ್ಲಿದ್ದ ಮಗಳು "ಅಪ್ಪಾ, ಇದ್ಯಾವಾಗ?" ಅಂದಳು. ಅವಳಿಗೆ ಆಗಲೇ ಐವತ್ತು ದಾಟಿತ್ತು.

ಮನೆಯವರ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಕೂಟದ ಜೀವ ಇರುವುದೇ ಅಲ್ಲಿ. ಶುರುವಿನಲ್ಲಿ ಹೆಂಡತಿಯರು ಗಂಡನನ್ನು ಇಳಿಸಿ ಕಾರಿನಲ್ಲೇ ಕೂತಿರುತ್ತಿದ್ದರು. ಅವರಿಗೆ ಎದುರಿನ ಕೋಣೆ ತೆಗೆಸಿದೆ. ಒಂದು ದಿನ ಒಬ್ಬರು ಅಳುಕುತ್ತಲೇ ಹೇಳಿದರು, "ನಾನು ಇವರನ್ನು ಕೈಯಿಂದ ಮುಟ್ಟಿ ಎಬ್ಬಿಸಲ್ಲ. ಮಂಚದ ಕಾಲ ಹತ್ತಿರ ನಿಂತು ಪೊರಕೆ ಹಿಡಿಯಿಂದ ಹೆಬ್ಬೆರಳು ತಟ್ಟುತ್ತೇನೆ. ಮದುವೆಯಾದ ಹೊಸದರಲ್ಲೇ ಕಲಿತೆ." ಎದುರಿಗಿದ್ದವರು ಕಪ್ ಕೆಳಗಿಟ್ಟು, "ನೀವೂನಾ? ನಮ್ಮ ಮನೆಯಲ್ಲೂ ಪೊರಕೆಯೇ" ಅಂದರು. ಆಮೇಲೆ ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಇಷ್ಟು ವರ್ಷ ಇದು ತಮ್ಮ ಮನೆಯ ಗುಟ್ಟು ಅಂದುಕೊಂಡಿದ್ದರು. ಈಗ ಜುಲೈ 4ರ, ಅಂದರೆ ಇಲ್ಲಿನ ಸ್ವಾತಂತ್ರ್ಯ ದಿನದ ಪಟಾಕಿಗೆ ಮುಂಚೆ ಇವರೇ ಫೋನು ಮಾಡಿಕೊಂಡು, ಸದ್ದಿಲ್ಲದ ಕಡೆ ಯಾರ ತೋಟಕ್ಕೆ ಹೋಗೋಣ ಅಂತ ಏರ್ಪಾಡು ಮಾಡಿಕೊಳ್ಳುತ್ತಾರೆ. ನನ್ನನ್ನು ಕೇಳುವುದೂ ಇಲ್ಲ. ನನಗೆ ಬೇಕಾಗಿದ್ದೂ ಅದೇ.

ಮೂಲೆಗೆ ಸರಿದವರನ್ನು ಹುಡುಕಿ ಕರೆಯಬೇಕಾಗುತ್ತದೆ. ಯುದ್ಧದ ಆಸ್ಪತ್ರೆಯಲ್ಲಿ ಇದ್ದ ಒಬ್ಬ ನರ್ಸ್, "ನಾನೇನು ಯುದ್ಧ ಮಾಡಿದವಳಲ್ಲ" ಅಂತ ಬರಲು ಒಪ್ಪಿರಲಿಲ್ಲ. ಕಣ್ಣೆದುರು ಪ್ರಾಣ ಬಿಟ್ಟ ಹುಡುಗರ ಕೈ ಹಿಡಿದಿದ್ದವರು ಇವರು! ಅಮೆರಿಕದ ಜೊತೆ ಸೇರಿ ಹೋರಾಡಿದ ದಕ್ಷಿಣ ವಿಯೆಟ್ನಾಂ ಸೇನೆಯಲ್ಲಿದ್ದ ಒಬ್ಬ ಹಿರಿಯರೂ ಮಗನ ಜೊತೆ ಬರುತ್ತಾರೆ. 1975ರಲ್ಲಿ ಅದರ ರಾಜಧಾನಿ ಸೈಗಾನ್ ಉತ್ತರ ವಿಯೆಟ್ನಾಂ ವಶವಾದ ಮೇಲೆ ವರ್ಷಗಟ್ಟಲೆ ಶಿಬಿರದಲ್ಲಿ ಸೆರೆ ಇದ್ದವರು. ಇಲ್ಲಿನ ಸೈನಿಕರಿಗೆ ಸಿಗುವ ಸವಲತ್ತು ಅವರಿಗೆ ಇಲ್ಲ. ಕುರ್ಚಿ ಇದೆ.

ವಾಷಿಂಗ್ಟನ್‌ನಲ್ಲಿ ಈ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆಯ ಸ್ಮಾರಕಕ್ಕೆ ಬಸ್ಸು ಮಾಡಿಕೊಂಡು ಹೋಗಿದ್ದನ್ನು ಹೇಳಲೇಬೇಕು. 1982ರಲ್ಲಿ ಕಟ್ಟಿದ ಆ ಗೋಡೆಯ ವಿನ್ಯಾಸ ಮಾಯಾ ಲಿನ್ ಅವರದು. ಅದರ ಕರಿಕಲ್ಲು ಹೋಗಿದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಬಸ್ಸಿನಲ್ಲಿ ನಾನು ಇದನ್ನು ಹೇಳಿದಾಗ ಯಾರಿಗೂ ಗೊತ್ತಿರಲಿಲ್ಲ. 58,000ಕ್ಕೂ ಜಾಸ್ತಿ ಹೆಸರುಗಳಿವೆ, ಅಕ್ಷರಮಾಲೆಯ ಪ್ರಕಾರ ಅಲ್ಲ, ಪ್ರಾಣ ಹೋದ ದಿನದ ಪ್ರಕಾರ. ಹಾಗಾಗಿ ಒಟ್ಟಿಗೆ ಸತ್ತವರು ಅಲ್ಲೂ ಅಕ್ಕಪಕ್ಕ ಇದ್ದಾರೆ. ಪ್ಲೇಕುವಿನವರು ಒಂದು ಸಾಲಿನ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ ಒಂದೊಂದೇ ಹೆಸರು ಜೋರಾಗಿ ಓದಿದರು. ನುಣುಪು ಕಲ್ಲಿನಲ್ಲಿ ಅವರ ಮುಖ ಹೆಸರುಗಳ ಹಿಂದೆ ಕಾಣುತ್ತಿತ್ತು. ಹೆಂಡತಿ ಕಾಗದ ಹಿಡಿದರು, ಅವರು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಹುಡುಗರ ಬಗ್ಗೆ ಮಾತಾಡಿದರು. ಯಾರು ಹಾಡುತ್ತಿದ್ದ, ಯಾರಿಗೆ ಸಾಲ ತೀರಿಸುವುದು ಬಾಕಿ ಇತ್ತು, ಎಲ್ಲಾ.

ಏಜೆಂಟ್ ಆರೆಂಜ್‌ನಿಂದ ಕಾಯಿಲೆ ಬಂದು ಆಮೇಲೆ ತೀರಿಕೊಂಡವರ ಹೆಸರು ಆ ಗೋಡೆಗೆ ಸೇರುವುದಿಲ್ಲ. ಅವರಿಗಾಗಿ ಸ್ಮಾರಕದ ಸಂಸ್ಥೆ ನಡೆಸುವ 'ಇನ್ ಮೆಮೊರಿ' ಅನ್ನುವ ಬೇರೆ ಪಟ್ಟಿ ಇದೆ. ಮನೆಯವರೇ ಅರ್ಜಿ ಹಾಕಬಹುದು. ಗಂಡ ಬದುಕಿದ್ದಾಗ ಏನೂ ಕೇಳದಿದ್ದರೂ, ಪಟ್ಟಿಯಲ್ಲಿರುವ ಕಾಯಿಲೆಯಿಂದಲೇ ಅವರು ಹೋಗಿದ್ದರೆ ಹೆಂಡತಿ ಪಿಂಚಣಿಗೂ ಅರ್ಜಿ ಹಾಕಬಹುದು. ಇದನ್ನು ನಾವು ಪ್ರತಿ ವಿಧವೆಗೂ ಹೇಳುತ್ತೇವೆ. ಗಂಡ ಹೋದ ಮೇಲೆ ಕೂಟಕ್ಕೆ ಬರುವ ಹಕ್ಕು ಹೋಯಿತು ಅಂತ ತಾವಾಗಿಯೇ ಬಿಟ್ಟುಬಿಡುವವರಿದ್ದಾರೆ. ಅವರ ಮನೆಗೆ ಉಳಿದ ಹೆಂಗಸರೇ ಹೋಗಿ ಕರೆತರುತ್ತಾರೆ.

ಈಗ ಹೆಚ್ಚಿನವರಿಗೆ ಎಪ್ಪತ್ತೈದು ದಾಟಿದೆ. ಸಂಜೆ ಇದ್ದ ಕೂಟವನ್ನು ಬೆಳಗ್ಗೆಗೆ ತಂದಿದ್ದು ಅದಕ್ಕೇ, ಕತ್ತಲಲ್ಲಿ ಕಾರು ಓಡಿಸಲು ಆಗುವುದಿಲ್ಲ. ಕಿವಿ ಮಂದವಾದವರಿಗೆ ಸಣ್ಣ ಮೈಕು ಇಟ್ಟಿದ್ದೇವೆ. ಮರೆವಿನ ಕಾಯಿಲೆ ಬಂದವರಿಗೆ ನಿನ್ನೆಯ ಊಟ ನೆನಪಿರುವುದಿಲ್ಲ, ಆ ಕಾಡು ಮಾತ್ರ ನಿಚ್ಚಳವಾಗಿ ನೆನಪಿಗೆ ಬರುತ್ತದೆ. ಮನೆಯವರಿಗೆ ಗಾಬರಿ ಆಗುತ್ತದೆ. ಅಂಥವರ ಮನೆಗೆ ಇಬ್ಬಿಬ್ಬರು ಹೋಗುತ್ತಾರೆ, ಒಬ್ಬರು ಗಂಡಿನ ಹತ್ತಿರ ಕೂತರೆ ಇನ್ನೊಬ್ಬರು ಹೆಂಡತಿಯ ಹತ್ತಿರ. ಗುರುವಾರಗಳನ್ನು ಈ ಕೆಲಸಕ್ಕೇ ಇಟ್ಟುಕೊಂಡಿದ್ದೇವೆ. ಕಾರು ಓಡಿಸಲು ಕಾಲೇಜು ಹುಡುಗರು ಸಿಕ್ಕಿದ್ದಾರೆ, ಇನ್ನೂ ಒಂದಿಬ್ಬರು ಬೇಕು.