ದೋಸೆ ಅಂಟಿದರೆ ಹೆಂಚನ್ನು ಬೈಯಬೇಡಿ

ಈಗಿನವರ ತಾಳ್ಮೆ ಎರಡು ದೋಸೆಗೆ ಮುಗಿದುಹೋಗುತ್ತದೆ. ಆಸೆಪಟ್ಟು ಬೀಡಿನ ಹೆಂಚು, ಅಂದರೆ ಎರಕದ ಕಬ್ಬಿಣದ್ದು, ತರುತ್ತಾರೆ. ದೋಸೆ ಕಿತ್ತು ಬರುತ್ತದೆ. ಹೆಂಚು ಅಟ್ಟ ಸೇರುತ್ತದೆ, ನಾನ್‌ಸ್ಟಿಕ್ ಒಲೆ ಹತ್ತುತ್ತದೆ. ಅದರ ಕೋಟಿಂಗ್ ಎದ್ದರೆ ಇನ್ನೊಂದು! ನೋಡಿ ನೋಡಿ ಸಾಕಾಯಿತು.

ಹೊಸ ಹೆಂಚನ್ನು ಉಜ್ಜಿ ತೊಳೆದು ಅಕ್ಕಿ ತೊಳೆದ ನೀರಲ್ಲಿ ನೆನೆಹಾಕಿ. ನೀರು ದಿನಾ ಬದಲಿಸಿ. ಎಷ್ಟು ದಿನ ಅಂತ ನನ್ನನ್ನು ಕೇಳಬೇಡಿ, ನೀರನ್ನು ನೋಡಿ. ಕಪ್ಪು ಬಿಡುವುದು ನಿಂತಾಗ ಸಾಕು. ಆಮೇಲೆ ಒರೆಸಿ, ಒಲೆ ಮೇಲಿಟ್ಟು ತೇವ ಆರಿಸಿ.

ಈಗ ಈರುಳ್ಳಿ. ಇಲ್ಲಿ ಅವಸರ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ನಾಟಿ ಈರುಳ್ಳಿಯನ್ನು ಅಡ್ಡಕ್ಕೆ ಹೆಚ್ಚಿ. ಬೇರಿನ ಕಡೆಯ ಹೋಳೇ ಬೇಕು, ಅದು ಎಸಳು ಬಿಡುವುದಿಲ್ಲ. ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಒಂಚೂರು ಅದ್ದಿ. ಸಣ್ಣ ಉರಿಯಲ್ಲಿ ನಡುವಿನಿಂದ ಅಂಚಿನವರೆಗೆ ಸುತ್ತಿ ಸುತ್ತಿ ತಿಕ್ಕಿ. ಹೊಗೆ ಬಂದಾಗ ಒಲೆ ಆರಿಸಿ. ತಣ್ಣಗಾದ ಮೇಲೆ ಮತ್ತೆ ಅದೇ. ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ತೆಳ್ಳನೆ ಪದರ ಕಟ್ಟುವುದು ಹೀಗೇ. ಜಾಸ್ತಿ ಸುರಿದರೆ ಜಿಡ್ಡು ಕೂರುತ್ತದೆ, ಅಷ್ಟೇ. ಬಸವನಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಈರುಳ್ಳಿ ಬದಲು ಬದನೆಕಾಯಿಯ ತೊಟ್ಟಿನ ತುಂಡು ಇಟ್ಟುಕೊಳ್ಳುತ್ತಿದ್ದರು. ಮಡಿ ದಿನ ಈರುಳ್ಳಿ ಮುಟ್ಟುವ ಹಾಗಿರಲಿಲ್ಲ, ಆದರೆ ದೋಸೆ ನಿಲ್ಲುವ ಹಾಗೂ ಇರಲಿಲ್ಲ!

ಹೊಯ್ಯುವ ಮುಂಚೆ ಪ್ರತಿ ಸಲ ನೀರು ಚಿಮುಕಿಸಿ. ಹನಿ ಅಲ್ಲೇ ಕೂತು ನಿಧಾನಕ್ಕೆ ಕುದಿದರೆ ಹೆಂಚು ಕಾದಿಲ್ಲ. ಮಣಿಯ ಹಾಗೆ ಉರುಳಿ ಓಡಿದರೆ ಜಾಸ್ತಿ ಕಾದಿದೆ, ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ. ಚುಂಯ್ ಅಂದು ತಕ್ಷಣ ಆರಬೇಕು. ಉರಿಯನ್ನು ಒಂದೇ ಕಡೆ ತಿರುಗಿಸಿಟ್ಟು ಫೋನ್ ನೋಡುತ್ತಾ ನಿಂತರೆ ಆಗುವುದಿಲ್ಲ. ಹೊಯ್ಯುವಾಗ ಇಳಿಸಿ, ಹರಡಿದ ಮೇಲೆ ಏರಿಸಿ. ಅಂಚು ತಾನಾಗಿ ಏಳುವ ತನಕ ಕೆರೆಯಬೇಡಿ.

ನಮ್ಮ ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿ ಹತ್ತಿರ ಇಳಿಯುತ್ತದೆ. ಹಿಟ್ಟು ಬೇಗ ಹುದುಗುವುದಿಲ್ಲ. ಬೆಚ್ಚನೆ ಜಾಗದಲ್ಲಿಡಿ, ಇನ್ನೊಂದಿಷ್ಟು ಹೊತ್ತು ಬಿಡಿ. ಹುಳಿ ಬರಲಿಲ್ಲ ಅಂತ ಸೋಡಾ ಸುರಿಯಬೇಡಿ. ಫ್ರಿಜ್ಜಿನ ಹಿಟ್ಟನ್ನು ಹಾಗೇ ಹೊಯ್ದರೂ ಹೆಂಚು ತಣ್ಣಗಾಗಿ ದೋಸೆ ಅಂಟುತ್ತದೆ. ಮುಂಚೆಯೇ ಹೊರಗಿಡಿ. ಕಾಯುವ ಹೊತ್ತಲ್ಲಿ ಸುಮ್ನೆ ಕೂರಬೇಡಿ, ಅವರೆಕಾಯಿ ಕಾಲ ಅಲ್ವಾ, ನೆನೆಸಿದ ಕಾಳು ಹಿತುಕಿ. ಅದನ್ನೂ ಅಂಗಡಿಯಲ್ಲಿ ಹಿತುಕಿದ್ದೇ ತರುತ್ತೀರಿ, ಬಿಡಿ.

ಮುಗಿದ ಮೇಲೆ ಸೋಪು ಹಾಕಿ ತಿಕ್ಕಬೇಡಿ. ಬಿಸಿನೀರು, ಬಟ್ಟೆ, ಒಂದು ಹನಿ ಎಣ್ಣೆ ಸಾಕು. ಇನ್ನೊಂದು ಮಾತು, ಆ ಹೆಂಚಿನ ಮೇಲೆ ಚಪಾತಿ ಬೇಯಿಸಿದರೆ ಒಣಹಿಟ್ಟು ಕರಕಾಗಿ ಕಟ್ಟಿದ ಪದರ ಹಾಳು. ಚಪಾತಿಗೆ ಬೇರೆ ಹೆಂಚು ಇಟ್ಟುಕೊಳ್ಳಿ.